ಮುಖ ನೋಡದ ಅಳಿಯ

ಮಾರ್ಚ್ 3, ಸೋಮವಾರ

ಮಗಳ ಮನೆಗೆ ಬಂದಾಯಿತು. ಮೂರನೇ ಮಹಡಿ. ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧದಷ್ಟು ಜನ ಆತನನ್ನು ನಂಬಿಕೊಂಡು ಮೇಲೆ ಕೆಳಗೆ ಓಡಾಡುತ್ತಾರೆ, ಸ್ವಂತ ಮನೆಯಿರುವ ಕಟ್ಟಡಕ್ಕೆ ಮಾತ್ರ ಲಿಫ್ಟಿನ ಭಾಗ್ಯವಿಲ್ಲ. ಮಂಡಿ ಹಿಡಿದುಕೊಂಡು, ಮಹಡಿಗೊಂದು ಸಲ ನಿಂತು, ಕಟ್ಟಿಸಿದವನನ್ನು ಮನಸಾರೆ ಬೈದುಕೊಂಡು ಹತ್ತಿದೆ.

ಬಾಗಿಲು ತೆಗೆದ ಮಹಾಶಯ ನನ್ನ ಚಪ್ಪಲಿಗಳನ್ನು ನೋಡಿದ. ಕೈಯಿಂದ ಚೀಲ ತೆಗೆದುಕೊಂಡ, ಮಲಗುವ ಕೋಣೆಯಲ್ಲಿಟ್ಟ, ಗೋಡೆಗೆ ಒತ್ತಿಕೊಂಡು ನನ್ನನ್ನು ದಾಟಿ ಹೊರಗೆ ಹೋದ. "ಬನ್ನಿ" ಇಲ್ಲ, "ಕೂತ್ಕೊಳ್ಳಿ" ಇಲ್ಲ. ಮದುವೆಯಾಗಿ ಮೂರು ವರ್ಷವಾಯಿತು, ಅಂದಿನಿಂದಲೂ ಇದೇ ಕಥೆ. ನಾನು ಒಳಗೆ ಬಂದರೆ ಆತ ಎದ್ದು ಹೋಗುತ್ತಾನೆ. ಮೆಟ್ಟಿಲ ಮೇಲೆ ಎದುರಾದರೆ ಮುಖ ಆಚೆ ತಿರುಗಿಸುತ್ತಾನೆ. ನನ್ನನ್ನು ಕಂಡರೆ ಆಗುವುದಿಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು. ನನಗೂ ಅದರಿಂದ ದೊಡ್ಡ ನಷ್ಟವೇನಿಲ್ಲ. ಈ ಮದುವೆಗೆ ನಾನು ಬೇಡ ಅಂದಿರಲಿಲ್ಲ, ಹಾಗಂತ ಕುಣಿದಾಡಿಯೂ ಇರಲಿಲ್ಲ.

ಬಂದದ್ದು ಮಗಳಿಗಾಗಿ. ಆರನೇ ತಿಂಗಳು ಈಗಷ್ಟೇ ಹಿಡಿದಿದೆ, ರಕ್ತದೊತ್ತಡ ಮೇಲೇರಿ ಕೂತಿದೆ, ಆಸ್ಪತ್ರೆಯಲ್ಲಿ ಮಲಗಿಸಿದ್ದಾರೆ. ಹೆರಿಗೆಯಾಗುವವರೆಗೂ ಅವಳು ಹಾಸಿಗೆ ಬಿಟ್ಟು ಏಳುವಂತಿಲ್ಲ. ಆಸ್ಪತ್ರೆ ಇಲ್ಲಿಂದ ಎರಡು ಬೀದಿ ಆಚೆಗಿದೆ. ನನ್ನ ಮನೆ ಊರಿನ ಇನ್ನೊಂದು ತುದಿ. "ಅಮ್ಮಾ, ನಮ್ಮನೇಲೇ ಇರು, ದಿನಾ ಬಸ್ಸಲ್ಲಿ ಅಲೀಬೇಡ" ಅಂದಳು. ಆಗುವುದಿಲ್ಲ ಅನ್ನಲು ಬಾಯಿ ಬರಲಿಲ್ಲ.

ಬೇರೆ ಜನರ ನಡುವೆ ಇದ್ದು ಅವರನ್ನು ಅಧ್ಯಯನ ಮಾಡುವ ಕ್ಷೇತ್ರಕಾರ್ಯಕ್ಕೆ ಹೋದಾಗಲೆಲ್ಲ ದಿನಚರಿ ಬರೆಯುವುದು ನನ್ನ ರೂಢಿ. ಇದೇನೂ ಕ್ಷೇತ್ರವಲ್ಲ. ಆದರೂ ಪರಸ್ಥಳದ ಹಾಸಿಗೆಯ ಮೇಲೆ ಕೂತೊಡನೆ ಕೈ ಪೆನ್ನು ಹುಡುಕಿತು.

ಮಾರ್ಚ್ 5, ಬುಧವಾರ

ಡಾಕ್ಟರಮ್ಮ ಮಾತಿನಲ್ಲಿ ಜಿಪುಣಿ. "ಮಗು ಒಳಗಿದ್ದಷ್ಟೂ ಮಗುವಿಗೆ ಒಳ್ಳೇದು. ಒತ್ತಡ ಏರಿದ್ರೆ ತಾಯಿಗೆ ಅಪಾಯ. ಎರಡನ್ನೂ ತೂಗಿಸ್ಕೊಂಡು ಹೋಗ್ಬೇಕು. ಇನ್ನೊಂದು ಎರಡು ತಿಂಗಳು ದೂಡಿದ್ರೆ ಧೈರ್ಯ ಹೇಳ್ತೀನಿ." ಅಷ್ಟೇ. ನನಗೆ ಇಂಥವರು ಇಷ್ಟ.

ಮಗಳು ತೋಳಿಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದಳು. ಮುಖ ಊದಿದೆ. ನಾನು ಬರುತ್ತಿದ್ದಂತೆ, ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ಆತ ಎದ್ದು, ತಲೆ ತಗ್ಗಿಸಿ ವರಾಂಡಕ್ಕೆ ಹೋದ.

"ಇಬ್ರೂ ಜಗಳ ಆಡ್ತಿಲ್ಲ ತಾನೆ?" ಅಂದಳು.

"ಜಗಳಕ್ಕೂ ಮಾತು ಬೇಕಲ್ಲಮ್ಮ."

ಅವಳು ನಕ್ಕಳು. ನಕ್ಕರೆ ಯಂತ್ರ ಕೀಂಗುಡುತ್ತದೆ ಎಂದು ನರ್ಸ್ ನನ್ನನ್ನೇ ಗದರಿದಳು.

ಅಲ್ಲಿಂದ ನಮ್ಮ ಮಾನವಶಾಸ್ತ್ರ ಸಂಸ್ಥೆಗೆ ಹೋದೆ. ಬಲಗಡೆಯ ಕೋಣೆಗಳಲ್ಲಿ ಆಫ್ರಿಕಾ, ಎಡಗಡೆ ಏಷ್ಯಾ, ನಡುವೆ ಎರಡೂ ಖಂಡಗಳಿಗೆ ಸೇರಿದ ಒಂದು ಕಾಫಿ ಯಂತ್ರ. ನಿವೃತ್ತಿಗೆ ಮುನ್ನ ಸಂಸ್ಥೆಯ ಪುಸ್ತಕಕ್ಕೆ ನಾನು ಮುಗಿಸಿಕೊಡಬೇಕಾದ ಅಧ್ಯಾಯ ತಿಂಗಳ ಕೊನೆಗೆ ಬೇಕಂತೆ. ನಿರ್ದೇಶಕರು ನನ್ನ ಮಗಳ ಆರೋಗ್ಯ ವಿಚಾರಿಸಿ, ಅದೇ ಉಸಿರಿನಲ್ಲಿ ಅಧ್ಯಾಯವನ್ನೂ ವಿಚಾರಿಸಿದರು.

ಮಾರ್ಚ್ 8, ಶನಿವಾರ

ಬರೆದಿಡಲೇಬೇಕಾದ ಸಂಗತಿ.

ಬೆಳಿಗ್ಗೆ ಅಡುಗೆಮನೆಯಲ್ಲಿ ಟೀ ಕುಡಿಯುತ್ತ ಕೂತಿದ್ದೆ. ಆತ ಬಂದ. ನನಗೆ ಬೆನ್ನು ಹಾಕಿ, ಫ್ರಿಜ್ಜಿನ ಬಾಗಿಲ ಮೇಲೆ ಕೈಯಿಟ್ಟು, ಫ್ರಿಜ್ಜಿಗೆ ಹೇಳಿದ: "ಹಾಲು ತಂದಿಟ್ಟಿದೀನಿ. ಮಂಡಿನೋವಿನ ಮಾತ್ರೆಗಳು ಮೇಲಿನ ಅರೇಲಿವೆ, ತಿಂಡಿ ಆದ್ಮೇಲೆ ತಗೋಬೇಕು."

ಫ್ರಿಜ್ಜು ಮಾತ್ರೆ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳಬೇಕಾದವಳು ನಾನು. ಮೊದಲು ಈತನಿಗೆ ತಲೆ ಕೆಟ್ಟಿರಬೇಕು ಅನ್ನಿಸಿತು. ಸಂಜೆ ಷೂ ಬಿಚ್ಚುತ್ತ, ಆ ಷೂಗೆ: "ನಾಳೆ ಬೇಗ ಹೋಗ್ಬೇಕು. ಬೀಗದ ಕೈ ಮೊಳೇಗೆ ಹಾಕಿರ್ತೀನಿ."

ಆಗ ಹೊಳೆಯಿತು. ಆಫ್ರಿಕಾದ ಒಂದು ಸರೋವರದ ದಂಡೆಯ ದನಗಾಹಿಗಳ ನಡುವೆ ನಾನು ಎರಡು ವರ್ಷ ಇದ್ದೆ. ಅಲ್ಲಿ ಅಳಿಯ ಅತ್ತೆಯ ಮುಖ ನೋಡುವಂತಿಲ್ಲ, ಹೆಸರು ಹಿಡಿಯುವಂತಿಲ್ಲ, ದಾರಿಯಲ್ಲಿ ಕಂಡರೆ ಪೊದೆಗೆ ಇಳಿಯಬೇಕು. ಹೇಳಲೇಬೇಕಾದ ಮಾತಿದ್ದರೆ ನಾಯಿಗೋ ಕಂಬಕ್ಕೋ ಹೇಳುತ್ತಾನೆ, ಅತ್ತೆ ಕೇಳಿಸಿಕೊಳ್ಳುತ್ತಾಳೆ. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ವರ್ಜನೆ ಎನ್ನುತ್ತೇವೆ. ಏಷ್ಯಾದ ಕೆಲವು ಗುಡ್ಡಗಾಡಿನವರಲ್ಲೂ ಇದು ಉಂಟು. ನನ್ನ ಅಧ್ಯಾಯ ಇದರ ಮೇಲೆಯೇ: ವರ್ಜನೆಯ ಬುಡದಲ್ಲಿರುವುದು ಹಗೆ, ಗೌರವ ಎನ್ನುವುದು ಅದರ ಮೇಲೆ ಹೊದಿಸಿದ ಬಟ್ಟೆ.

ಈಗ ನೋಡಿದರೆ, ಆ ದನಗಾಹಿಗಳ ಹೆಸರನ್ನೇ ಕೇಳಿರದ ಒಬ್ಬ ಲಿಫ್ಟ್ ಮೆಕ್ಯಾನಿಕ್, ಅತ್ತೆಯ ಮೇಲಿನ ಸಿಟ್ಟಿನಿಂದ, ಅದೇ ಆಚಾರವನ್ನು ತಾನಾಗಿಯೇ ಕಂಡುಕೊಂಡಿದ್ದಾನೆ. ಕಂಬದ ಜಾಗದಲ್ಲಿ ಫ್ರಿಜ್ಜು. ಇದಕ್ಕಿಂತ ಒಳ್ಳೆಯ ಪುರಾವೆ ಎಲ್ಲಿ ಸಿಕ್ಕೀತು? ಮನೆಯ ಅವಮಾನ ಮನೆಯಲ್ಲೇ ಉಪಯೋಗಕ್ಕೆ ಬಂತು.

ಮಾರ್ಚ್ 11, ಮಂಗಳವಾರ

ನಾನೂ ಟೀ ಪಾತ್ರೆಗೆ ಹೇಳಿ ನೋಡಿದೆ: "ಬಚ್ಚಲ ನಲ್ಲಿ ಸೋರುತ್ತಿದೆ." ಪರೀಕ್ಷೆಗಾಗಿ ಮಾತ್ರ. ಸಂಜೆಗೆ ನಲ್ಲಿ ಸರಿಯಾಗಿತ್ತು. ಆತ ಕೆಲಸ ಬಲ್ಲವನು, ಅದನ್ನು ಅಲ್ಲಗಳೆಯುವುದಿಲ್ಲ. ನಲ್ಲಿಯ ಜೊತೆ ಬಾಗಿಲಿನ ಕಿರುಗುಟ್ಟುವಿಕೆಯೂ ನಿಂತಿದೆ, ಅದನ್ನು ನಾನು ಹೇಳಿರಲಿಲ್ಲ.

ಮಗಳ ಒತ್ತಡ ಸ್ವಲ್ಪ ಇಳಿದಿದೆ. ಮಗು ಒದೆಯುತ್ತದೆ ಎಂದು ನನ್ನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟಳು. ನನಗೆ ಏನೂ ತಿಳಿಯಲಿಲ್ಲ, ತಿಳಿಯಿತು ಎಂದೆ.

ಮಾರ್ಚ್ 14, ಶುಕ್ರವಾರ

ಸಂಸ್ಥೆಯ ಶುಕ್ರವಾರದ ಸಭೆಯಲ್ಲಿ ಓದಿದೆ. ಹೆಸರು ಹೇಳದೆ, "ನಗರದ ಒಂದು ಕುಟುಂಬ" ಎಂದು. ಬೆನ್ನು ಹಾಕುವುದು, ದಾರಿ ಬಿಡುವುದು, ವಸ್ತುವಿನ ಮೂಲಕ ಮಾತು, ಎಲ್ಲವೂ ಸರೋವರದವರಂತೆಯೇ. ಅಂಥ ಪದ್ಧತಿಯೊಂದು ಲೋಕದಲ್ಲಿದೆ ಎಂಬ ಅರಿವೇ ಇಲ್ಲದ ವ್ಯಕ್ತಿಯಲ್ಲಿ. ನಿರ್ದೇಶಕರು ಕುರ್ಚಿಯ ಅಂಚಿಗೆ ಬಂದು ಕೂತು ಕೇಳಿದರು.

ಏಷ್ಯಾ ಕಡೆಯ ಸಹೋದ್ಯೋಗಿ ಒಬ್ಬರಿದ್ದಾರೆ. ಯಾರು ಏನು ಹೇಳಿದರೂ ಕೆಳಗೊಂದು ಮಾತು ಸೇರಿಸುವುದರಿಂದ ನಾವೆಲ್ಲ ಅವರನ್ನು ಅಡಿಟಿಪ್ಪಣಿ ಎನ್ನುತ್ತೇವೆ. ಅಡಿಟಿಪ್ಪಣಿ ಕೈಯೆತ್ತಿದರು.

"ಮೇಡಂ, ಯಾಕೆ ಹಾಗೆ ಮಾಡ್ತೀಯ ಅಂತ ಆ ಮನುಷ್ಯನ್ನ ಕೇಳಿದ್ರಾ?"

"ಕೇಳಿದ್ರೆ ಗೌರವ ಅಂತಾನೆ ಹೇಳ್ತಾರೆ. ಎಲ್ರೂ ಹಾಗೇ ಹೇಳೋದು."

"ಒಂದ್ವೇಳೆ ಅದು ನಿಜಾನೇ ಆಗಿದ್ರೆ?"

"ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ಕೊಂಡು ಬಂದಿದೀನಿ. ಹಗೆ ಕಂಡ್ರೆ ಗೊತ್ತಾಗುತ್ತೆ ನಂಗೆ."

ಎಲ್ಲರೂ ನಕ್ಕರು. ಅಡಿಟಿಪ್ಪಣಿಯೂ ನಕ್ಕರು, ಆದರೆ ಏನೋ ಬರೆದುಕೊಂಡರು. ಅವರ ಅಭ್ಯಾಸವೇ ಅದು, ತಲೆ ಕೆಡಿಸಿಕೊಳ್ಳುವಂಥದ್ದೇನಿಲ್ಲ.

ಮಾರ್ಚ್ 19, ಬುಧವಾರ

ಮಗಳಿಗೆ ತಲೆನೋವು, ಕಣ್ಣು ಮಂಜು. ಔಷಧಿ ಬದಲಿಸಿದರು. ಆತ ಕೆಲಸದ ಬಟ್ಟೆಯಲ್ಲೇ ಓಡಿ ಬಂದಿದ್ದ, ಕೈಗೆಲ್ಲ ಗ್ರೀಸು. ಆ ಕೈಯಲ್ಲಿ ಅವಳನ್ನು ಮುಟ್ಟಲಾರದೆ ಮಂಚದ ಕಂಬಿ ಹಿಡಿದುಕೊಂಡು ನಿಂತಿದ್ದ. ಕಂಬಿಯ ಮೇಲೆ ಕಪ್ಪು ಬೆರಳುಗಳು ಮೂಡಿದವು. ನರ್ಸ್ ಬೈಯುವ ಮೊದಲು ನಾನೇ ಒರೆಸಿದೆ.

ಮಾರ್ಚ್ 22, ಶನಿವಾರ

ನಗಬೇಕೋ ಅಳಬೇಕೋ ತಿಳಿಯದೆ ಕೂತಿದ್ದೇನೆ.

ಬೆಳಿಗ್ಗೆ ಆತ ಮೊಟ್ಟೆ ಬೇಯಿಸುತ್ತಿದ್ದ. ನಾನು ಮೇಜಿನ ಬಳಿ ಪತ್ರಿಕೆ ಹಿಡಿದಿದ್ದೆ. ಸ್ಟೌವಿನ ಕಡೆ ತಿರುಗಿಕೊಂಡೇ, "ಒಂದು ಡೌಟು," ಎಂದ. "ಆಪರೇಷನ್ನೇ ಆಗ್ಬಹುದು ಅಂತಿದಾರೆ ಡಾಕ್ಟರಮ್ಮ. ಪುಸ್ತಕದಲ್ಲಿ, ಮೊದಲ್ನೇ ಮಗು ಹುಟ್ಟಿದ್ಮೇಲೆ ಅತ್ತೆ ಮುಖ ನೋಡ್ಬಹುದು, ಮಾತಾಡಿಸ್ಬಹುದು ಅಂತ ಇದೆ. ಆಪರೇಷನ್ ಮಾಡಿ ತೆಗೆದ್ರೂ ಅದು ಹುಟ್ಟಿದ ಲೆಕ್ಕಕ್ಕೆ ಬರುತ್ತಾ?"

ಪತ್ರಿಕೆ ಕೆಳಗಿಟ್ಟೆ. ಪಾತ್ರೆ ಪಗಡೆಯ ಹಂಗಿಲ್ಲದೆ ನೇರವಾಗಿ ಕೇಳಿದೆ.

"ಯಾವ ಪುಸ್ತಕ?"

"ನಿಮ್ಮದೇ. ಹಸಿರು ರಟ್ಟಿನದು. ಸರೋವರದವರ ಬಗ್ಗೆ."

"ನೀನು ಅದನ್ನ ಓದಿದೀಯಾ?"

"ಮದ್ವೆಗೆ ಮುಂಚೆ ಇವಳೇ ಕೊಟ್ಳು. ಅಮ್ಮನಿಗೆ ಮನುಷ್ಯರಿಗಿಂತ ಅವರ ಆಚಾರಗಳೇ ಇಷ್ಟ, ಒಲಿಸ್ಕೋಬೇಕು ಅಂದ್ರೆ ಇದನ್ನ ಓದು ಅಂದ್ಳು." ಅವನು ಮೊಟ್ಟೆಯನ್ನು ಚಮಚದಲ್ಲಿ ಹೊರಳಿಸುತ್ತಿದ್ದ. "ಲಿಫ್ಟಿನ ಕೆಳಗಿನ ಗುಂಡೀಲಿ ಕಾಯೋ ಹೊತ್ತು ಜಾಸ್ತಿ ಇರುತ್ತೆ. ಎರಡು ಸಲ ಓದ್ದೆ. ಅಳಿಯ ಅತ್ತೆಗೆ ಕೊಡೋ ಮರ್ಯಾದೆ ಬಗ್ಗೆ ನೀವು ಅಷ್ಟು ಚೆನ್ನಾಗಿ ಬರ್ದಿದೀರಿ. ನಿಮಗೆ ಹಿಡಿಸೋದು ಹೀಗೇ ಇರ್ಬೇಕು ಅಂದ್ಕೊಂಡೆ."

"ಮೂರು ವರ್ಷದಿಂದ?"

"ಶುರೂನಲ್ಲಿ ಕಷ್ಟ ಆಯ್ತು. ಒಂದ್ಸಲ ಮೆಟ್ಟಿಲಲ್ಲಿ ಗೋಡೆಗೆ ಹಣೆ ಹೊಡ್ಕೊಂಡೆ. ಆಮೇಲೆ ರೂಢಿ ಆಯ್ತು."

ನಕ್ಕುಬಿಟ್ಟೆ. ನಿಲ್ಲಿಸಲಾಗದೆ ಮೇಜಿಗೆ ತಲೆಯಿಟ್ಟು ನಕ್ಕೆ. ಅವನ ಭುಜಗಳೂ ಅಲುಗಿದವು, ಮುಖ ಮಾತ್ರ ಈಚೆ ತಿರುಗಲಿಲ್ಲ. ನಗು ಇಳಿದ ಮೇಲೆ ನಾಚಿಕೆಯಾಯಿತು. ಗೋಡೆಗೆ ನಾನೇ ಬಣ್ಣ ಬಳಿದು, ಗೋಡೆಯ ಹುಟ್ಟುಬಣ್ಣ ಇದೇ ಎಂದು ತುಂಬಿದ ಸಭೆಯಲ್ಲಿ ಸಾರಿ ಬಂದಿದ್ದೇನೆ. ನನ್ನ ಪುಸ್ತಕವೇ ಊರು ಸುತ್ತಿ ಬಂದು ನನಗೆ ಸಾಕ್ಷಿ ಹೇಳಿದೆ. ಇಂಥ ತಪ್ಪು ಮಾಡಲು ಮೂವತ್ತು ವರ್ಷ ಓದಿರಬೇಕು.

"ಸಾಕಪ್ಪ ಈ ನಾಟಕ. ಈ ಕಡೆ ತಿರುಗು," ಎಂದೆ.

ಅವನು ತಿರುಗಲಿಲ್ಲ. ತಗ್ಗಿದ ದನಿಯಲ್ಲಿ ಸ್ಟೌವಿಗೇ ಹೇಳಿದ: "ಈಗ ಬೇಡ. ಇಷ್ಟು ದಿನ ನಡೆಸ್ಕೊಂಡು ಬಂದಿದೀನಿ. ಮಗು ಬರೋಕೆ ಮುಂಚೆ ಮುರಿದ್ರೆ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ನನ್ನಿಂದ್ಲೇ ಆಯ್ತು ಅಂತ ಅನ್ನಿಸುತ್ತೆ. ಹುಚ್ಚು ಅಂತ ಗೊತ್ತು. ಮಗು ಬರ್ಲಿ, ಅದ್ರ ಮುಖ ನೋಡಿ ನಿಮ್ಮ ಮುಖಾನೂ ನೋಡ್ತೀನಿ."

ಆಪರೇಷನ್ ಆದರೂ ಲೆಕ್ಕಕ್ಕೆ ಬರುತ್ತದೆ ಎಂದು ಹೇಳಿದೆ. ಅದು ನನ್ನ ಪುಸ್ತಕದಲ್ಲಿಲ್ಲ. ಸರೋವರದವರನ್ನು ನಾನು ಕೇಳಿಯೂ ಇರಲಿಲ್ಲ.

ಮಾರ್ಚ್ 23, ಭಾನುವಾರ

ಮಗಳನ್ನು ತರಾಟೆಗೆ ತೆಗೆದುಕೊಂಡೆ, ಯಂತ್ರ ಕೀಂಗುಡದಷ್ಟು ಮೆಲ್ಲಗೆ.

"ತಮಾಷೆಗೆ ಕೊಟ್ಟಿದ್ದಮ್ಮ! ಇವನು ಅಷ್ಟು ಗಂಭೀರವಾಗಿ ತಗೋತಾನೆ ಅಂತ ನಂಗೇನು ಗೊತ್ತು? ಆಮೇಲೆ ಹೇಳೋಣ ಅಂದ್ಕೊಂಡೆ. ಆದ್ರೆ ನೀನೂ ಹಾಯಾಗೇ ಇದ್ದೆ. ಯಾರ ಹತ್ರಾನೂ ಮಾತಾಡ್ಬೇಕಾಗಿಲ್ಲ ಅಂದ್ರೆ ನಿಂಗೆ ಖುಷಿ ಅಲ್ವಾ?"

ಸುಳ್ಳು ಎಂದೆ. ಅವಳು ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು. ಅವಳ ಅಪ್ಪ ಸಹ ತೀರಿಹೋಗುವ ತನಕ ಇದೇ ಮಾತು ಹೇಳುತ್ತಿದ್ದರು.

ಮಾರ್ಚ್ 27, ಗುರುವಾರ

ಅಡುಗೆಮನೆಗೂ ಪಡಸಾಲೆಗೂ ನಡುವೆ ಹಳೆಯ ಹೊದಿಕೆಯೊಂದನ್ನು ಪರದೆ ಕಟ್ಟಿದೆ. ಪಾಪ, ಅವನು ಗೋಡೆ ನೋಡಿಕೊಂಡು ಊಟ ಮಾಡುವುದು ತಪ್ಪುತ್ತದೆ. ಮೆಟ್ಟಿಲಿಳಿಯುವಾಗ ಮೇಲಿನಿಂದಲೇ ಕೆಮ್ಮುತ್ತೇನೆ, ಎದುರು ಬರುತ್ತಿದ್ದರೆ ಅವನು ಮುಖ ತಿರುಗಿಸಲು ಹೊತ್ತಿರಲಿ ಎಂದು. ಮಾಹಿತಿದಾರರ ನಂಬಿಕೆಗೆ ಭಂಗ ತರಬಾರದು ಎನ್ನುವುದು ನಮ್ಮ ಕಸುಬಿನ ಪ್ರಾಥಮಿಕ ನಿಯಮ. ಅದಕ್ಕಿಂತ ಹೆಚ್ಚಿನದೇನಿಲ್ಲ.

ಪರದೆಯ ಆಚೆಯಿಂದ ಅವನು ಮಾತಿನ ಮಲ್ಲ. ಈಗ ಫ್ರಿಜ್ಜೂ ಬೇಡ, ಪರದೆಗೇ ಹೇಳುತ್ತಾನೆ. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಬಗ್ಗೆ ಕೇಳಿದೆ.

"ಒಳಗಿರೋರಿಗೆ ನಮ್ಮ ಮುಖ ಕಾಣ್ಸಲ್ಲ, ದನಿ ಮಾತ್ರ. ಸುಳ್ಳು ಹೇಳ್ಬಾರ್ದು. ಐದು ನಿಮಿಷ ಅಂದು ಹತ್ತಾಯ್ತು ಅನ್ನಿ, ಬಾಗಿಲು ಗುದ್ದೋಕೆ ಶುರು ಮಾಡ್ತಾರೆ. ಎಷ್ಟೊತ್ತಾಗುತ್ತೋ ಗೊತ್ತಿಲ್ಲ, ಆದ್ರೆ ನಾನು ಹೋಗಲ್ಲ, ಇಲ್ಲೇ ಇರ್ತೀನಿ ಅಂತೀನಿ. ಅಷ್ಟು ಸಾಕು, ಸುಮ್ನಾಗ್ತಾರೆ."

"ಯಾರಾದ್ರೂ ಅತ್ತಿದಾರಾ?"

"ಒಬ್ರು ಹಾಡು ಹೇಳಿದ್ರು. ಸಹಿಸೋಕಾಗ್ಲಿಲ್ಲ, ಬೇಗ ರಿಪೇರಿ ಮಾಡ್ದೆ."

ಟೀ ಮೂಗಿಗೆ ಹತ್ತಿತು.

ಅಡಿಟಿಪ್ಪಣಿಗೆ ಫೋನ್ ಮಾಡಿ, ನನ್ನ ಪುರಾವೆ ಹಿಂತೆಗೆದುಕೊಳ್ಳುತ್ತೇನೆ, ಕಾರಣ ಹೀಗೆ ಹೀಗೆ ಎಂದೆ. "ಮೇಡಂ, ಅಂಥ ಅಳಿಯ ನಂಗೂ ಒಬ್ಬ ಸಿಗ್ಲಿ" ಎಂದರು. ಅವರಿಗೆ ಇರುವುದು ಗಂಡುಮಗ.

ಏಪ್ರಿಲ್ 1, ಮಂಗಳವಾರ

ನಿರ್ದೇಶಕರ ಫೋನು. ಅಧ್ಯಾಯ ಏನಾಯಿತು, ಮುದ್ರಕರು ಕಾಯುತ್ತಿದ್ದಾರೆ ಎಂದರು. ಗಡುವು ನಿನ್ನೆಗೇ ಮುಗಿದಿದೆ ಎಂದು ಆಗಲೇ ನೆನಪಾದದ್ದು. ಇಷ್ಟು ವರ್ಷದಲ್ಲಿ ಒಂದು ಗಡುವನ್ನೂ ನಾನು ಮರೆತವಳಲ್ಲ. ಈಗ ಫೋನ್ ಇಡಿ, ಸ್ಟೌವ್ ಮೇಲೆ ಹಾಲಿಟ್ಟಿದ್ದೇನೆ ಎಂದೆ. ಹಾಲನ್ನು ನಿಜವಾಗಿಯೂ ಇಟ್ಟಿದ್ದೆ.

ಮಗಳಿಗೆ ಇವತ್ತು ಪರವಾಗಿಲ್ಲ. ಮಗು ತೂಕದಲ್ಲಿ ಹಿಂದೆ ಬಿದ್ದಿದೆಯಂತೆ. ಹೊಟ್ಟೆಯ ಮೇಲೆ ಕೈಯಿಟ್ಟಾಗ ಈ ಸಲ ಒದೆತ ತಿಳಿಯಿತು. ಸಣ್ಣದು, ಬೆರಳಿನಿಂದ ತಟ್ಟಿದಷ್ಟು. ಮನೆಗೆ ಬಂದು ಪರದೆಗೆ ಅದನ್ನು ವರದಿ ಮಾಡಿದೆ. ಆಚೆಯಿಂದ, "ನಂಗೆ ದಿನಾ ಒದೀತಾಳೆ" ಎಂದು ಜಂಬದ ಉತ್ತರ.

"ಒದೀತಾಳೆ? ಹೆಣ್ಣು ಅಂತ ಯಾರಂದ್ರು?"

"ಒದೆಯೋ ರೀತಿ ನೋಡಿದ್ರೆ ನಿಮ್ಮ ಕಡೆಯೋಳೇ."

ಏಪ್ರಿಲ್ 5, ಶನಿವಾರ

ಮಧ್ಯಾಹ್ನ ಒತ್ತಡ ಏರಿತು, ಔಷಧಿಗೆ ಬಗ್ಗಲಿಲ್ಲ. ಡಾಕ್ಟರಮ್ಮ ನಮ್ಮಿಬ್ಬರನ್ನೂ ಕರೆದು, ಇನ್ನು ಕಾಯುವಂತಿಲ್ಲ, ತಾಯಿಯನ್ನು ಉಳಿಸಿಕೊಳ್ಳಬೇಕು ಎಂದರು. ಅವನು ಎಲ್ಲಿ ಸಹಿ ಹಾಕಬೇಕೆಂದು ಮಾತ್ರ ಕೇಳಿದ.

ಹೊರಗಿನ ಬೆಂಚಿನ ಎರಡು ತುದಿಗಳಲ್ಲಿ ಕೂತೆವು. ಅವನು ಗೋಡೆಯ ಕಡೆ, ನಾನು ಬಾಗಿಲ ಕಡೆ. ನನಗೆ ಭಯವಾಗಿತ್ತು. ಇದನ್ನು ಬೇರೆ ರೀತಿಯಲ್ಲಿ ಬರೆಯಲು ಬರುವುದಿಲ್ಲ.

ಹೆಣ್ಣು ಮಗು. ಇಬ್ಬರೂ ಇದ್ದಾರೆ.

ಏಪ್ರಿಲ್ 6, ಭಾನುವಾರ

ಮಗಳು ತೀವ್ರ ನಿಗಾ ವಿಭಾಗದಲ್ಲಿದ್ದಾಳೆ, ಮಂಪರು. ಮಗು ಗಾಜಿನ ಪೆಟ್ಟಿಗೆಯಲ್ಲಿ. ಅಂಗೈಯೆರಡು ಸೇರಿಸಿದರೆ ಅಡಗುವಷ್ಟು ಇದೆ. ಮೂಗಿಗೆ, ಹೊಕ್ಕುಳಿಗೆ ಕೊಳವೆಗಳು. ತಲೆಗೆ ಯಾರೋ ಬಿಳಿಯ ಟೋಪಿ ಹಾಕಿದ್ದಾರೆ, ಅದು ಕಣ್ಣಿನ ತನಕ ಬರುತ್ತದೆ. ನಾನು ಎಷ್ಟೋ ಕಡೆ ಎಷ್ಟೋ ಹಸುಗೂಸುಗಳನ್ನು ಎತ್ತಿಕೊಂಡಿದ್ದೇನೆ. ಇದನ್ನು ಎತ್ತಿಕೊಳ್ಳುವಂತಿಲ್ಲ.

ನಮ್ಮ ಹುಡುಗ ಗಾಜಿಗೆ ಹಣೆ ತಾಗಿಸಿ ನಿಂತಿದ್ದ. ಮಗು ಬಂತಲ್ಲ, ಇನ್ನಾದರೂ ತಿರುಗುತ್ತಾನೆ ಅಂದುಕೊಂಡೆ. ತಿರುಗಲಿಲ್ಲ. "ಆ ಪೆಟ್ಟಿಗೆಯಿಂದ ಹೊರಗೆ ಬರ್ಲಿ," ಎಂದ ಗಾಜಿಗೆ. "ಅಲ್ಲೀವರೆಗೂ ಪೂರ್ತಿ ಹುಟ್ಟಿದ ಹಾಗಲ್ಲ."

ನಾನು ಹ್ಞೂಂ ಅಂದೆ. ಅವನಿಗೆ ನಾನು ಕಾಣದಂತೆ ಒಂದು ಹೆಜ್ಜೆ ಹಿಂದೆ ಸರಿದು ನಿಂತೆ.

ಏಪ್ರಿಲ್ 8, ಮಂಗಳವಾರ

ಬೆಳಿಗ್ಗೆ ಮಗು ಹೋಯಿತು.

ಮಗಳಿಗೆ ಈಗಲೇ ಹೇಳಬೇಡಿ ಎಂದಿದ್ದಾರೆ. ಒತ್ತಡ ಇಳಿಯಬೇಕಂತೆ.

ಏಪ್ರಿಲ್ 9, ಬುಧವಾರ

ಮಗಳನ್ನು ವಾರ್ಡಿಗೆ ತಂದರು. "ಹೇಗಿದಾಳಮ್ಮ? ಯಾರ ಹಾಗಿದಾಳೆ?" ಅಂದಳು. ಟೋಪಿ ದೊಡ್ಡದಾಯಿತು ಎಂದೆ. ಅದು ಸುಳ್ಳಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅವನು ಮೂರು ಮೆಟ್ಟಿಲು ಕೆಳಗೆ, ಬೆನ್ನು ನನ್ನ ಕಡೆ. ಏನಾದರೂ ಹೇಳಲು ಅಲ್ಲಿ ಫ್ರಿಜ್ಜೂ ಇರಲಿಲ್ಲ.

ಮನೆಗೆ ಬಂದು ಪರದೆ ಬಿಚ್ಚೋಣ ಎಂದು ಕೈ ಹಾಕಿದೆ. ಏನೋ ಹೆದರಿಕೆಯಾಯಿತು, ಬಿಟ್ಟೆ.

ಏಪ್ರಿಲ್ 10, ಗುರುವಾರ

ಡಾಕ್ಟರಮ್ಮ ಬಂದು ನೋಡಿ, ಇನ್ನು ಹೇಳಬಹುದು, ಹೊರಗಿನವರಿಗಿಂತ ಮನೆಯವರೇ ಹೇಳಿದರೆ ಒಳ್ಳೆಯದು ಎಂದರು. ನರ್ಸ್ ಸುತ್ತಲೂ ತೆರೆ ಎಳೆದು ಹೋದಳು.

ನಾನು ಹೇಳುತ್ತೇನೆ ಅಂದುಕೊಂಡೇ ಒಳಗೆ ಹೋದದ್ದು. ತುಂಬಿದ ಸಭೆಗಳಲ್ಲಿ ಮಾತಾಡಿದವಳು. ಮಗಳು ದಿಂಬಿಗೆ ಒರಗಿ ಕೂತಿದ್ದಳು, ಮುಖದ ಊತ ಇಳಿದು ಮೊದಲಿನ ಹಾಗೆ ಕಾಣುತ್ತಿದ್ದಳು. ತಲೆ ಬಾಚಿಕೊಂಡಿದ್ದಳು. "ಇವತ್ತಾದ್ರೂ ಗಾಲಿ ಕುರ್ಚೀಲಿ ಕೂರಿಸ್ಕೊಂಡು ಹೋಗಿ ತೋರಿಸ್ತಾರಾ?" ಅಂದಳು. ನನ್ನ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ.

ಅವನು ಮಂಚದ ಆ ಬದಿಯಲ್ಲಿ ಕೂತು ಅವಳ ಕೈ ಹಿಡಿದಿದ್ದ. ಅವಳ ಕಡೆ ನೋಡಿ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಅವಳ ಮುಖ ನೋಡಿಕೊಂಡು ಆ ಮಾತು ಹೇಳುವುದು ಅವನಿಂದ ಆಗುವುದಿಲ್ಲ ಎಂದು ನನಗೆ ತಿಳಿಯಿತು.

ಆಗ ಅವನು ತಲೆಯೆತ್ತಿ ನನ್ನನ್ನು ನೋಡಿದ. ಮೂರು ವರ್ಷದಲ್ಲಿ ಮೊದಲ ಸಲ. ಕಣ್ಣು ಕೆಂಪಾಗಿ ಬಾತಿದ್ದವು, ಎಡಗಣ್ಣಿನ ಕೆಳಗೊಂದು ಮಚ್ಚೆಯಿದೆ, ನಾನು ಕಂಡಿರಲಿಲ್ಲ.

"ಅತ್ತೆ," ಎಂದ. "ನಮ್ಮ ಮಗು ಹೋಯ್ತು, ಅತ್ತೆ."

ಅವನ ಕೈಯೊಳಗಿದ್ದ ಮಗಳ ಕೈ ಅಲುಗಲಿಲ್ಲ. ಅವಳು ಕೇಳುತ್ತಿದ್ದಳು.

"ಯಾವಾಗಪ್ಪ?" ಎಂದೆ. ಮಗು ಹೋದ ಹೊತ್ತಿನಲ್ಲಿ ಅವನ ಜೊತೆ ಗಾಜಿನ ಮುಂದೆ ನಾನೂ ನಿಂತಿದ್ದೆ.

"ಮಂಗಳವಾರ ಬೆಳಿಗ್ಗೆ."

"ಕಷ್ಟ ಪಟ್ಟಳಾ?"

"ಇಲ್ಲ ಅತ್ತೆ. ನಿದ್ದೇಲೇ ಇದ್ಲು. ಕೊನೇಗೆ ಕೊಳವೆ ಎಲ್ಲಾ ತೆಗೆದು ನನ್ನ ಕೈಗೆ ಕೊಟ್ರು. ತುಂಬಾ ಹೊತ್ತು ಎತ್ಕೊಂಡಿದ್ದೆ."

"ಯಾರ ಹಾಗಿದ್ಲು?"

"ಇವಳ ಹಾಗೇ. ಮೂಗು, ಬಾಯಿ, ಎಲ್ಲಾ ಇವಳದ್ದೇ."

ಮುಂದೆ ಕೇಳಲು ನನ್ನಿಂದ ಆಗಲಿಲ್ಲ. ನಾನು ಅತ್ತುಬಿಟ್ಟೆ. ಅವನೂ ಅತ್ತ, ನನ್ನ ಮುಖದಿಂದ ಕಣ್ಣು ತೆಗೆಯದೆ. ಮಗಳು ಮಾತ್ರ ತೆರೆಯ ಮಡಿಕೆಗಳನ್ನು ನೋಡುತ್ತಿದ್ದಳು. ಪಕ್ಕದ ಮಂಚದ ಕಡೆ ಯಾರೋ ಲೋಟ ತೊಳೆಯುವ ಸದ್ದು ಬರುತ್ತಿತ್ತು.

"ಅಮ್ಮಾ," ಅಂದಳು ಕೊನೆಗೆ, ತಲೆ ಈಚೆ ತಿರುಗಿಸದೆ. "ಅವನು ಏನಾದ್ರೂ ತಿಂದ್ನಾ ಕೇಳು."

ಅವನು ಅವಳ ಕೈ ಹಿಡಿದು ಅಲ್ಲೇ ಕೂತಿದ್ದ. ಏನಾದರೂ ತಿಂದೆಯಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದ.

"ಇಲ್ವಂತೆ ಕಣಮ್ಮ," ಎಂದು ಅವಳಿಗೆ ಹೇಳಿದೆ.